ಲೇಬಲ್ ಒಂದು ಹೇಳುತ್ತೆ, ನಾಣ್ಯ ಇನ್ನೊಂದು

ಜೇಬಿನಲ್ಲಿರುವ ಚಿಲ್ಲರೆ ಸ್ವಲ್ಪ ಹೊರಗೆ ತೆಗೆಯಿರಿ. ಎಲ್ಲಾ ಫೋನಲ್ಲೇ ಪೇ ಮಾಡ್ತೀವಿ, ಚಿಲ್ಲರೆ ಎಲ್ಲಿಂದ ಬರಬೇಕು ಅನ್ನುವವರು ಕ್ಯಾಂಟೀನ್ ಕೌಂಟರಿನಲ್ಲಿ ಒಂದು ನಿಮಿಷದ ಮಟ್ಟಿಗೆ ಕಡ ಕೇಳಿ. ಯಾವುದಾದರೂ ಒಂದು ನಾಣ್ಯದ ಇಸವಿಯ ಕೆಳಗೆ ನೋಡಿ. ಚಿಕ್ಕ ನಕ್ಷತ್ರ ಇದ್ದರೆ ಅದು ಹೈದರಾಬಾದಿನ ಟಂಕಸಾಲೆಯದು. ವಜ್ರದ ಆಕಾರ ಇದ್ದರೆ ಮುಂಬೈ. ದುಂಡನೆಯ ಚುಕ್ಕೆ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ದಿನಾ ಟೀ ಕಾಫಿಗೆ ಕೊಡೋ ನಾಣ್ಯವೇ ಆದರೂ ನಮ್ಮಲ್ಲಿ ಬಹಳ ಜನ ಇದನ್ನ ಗಮನಿಸಿರೋದಿಲ್ಲ.

ಸಾಸಿವೆ ಕಾಳಿಗಿಂತ ಚಿಕ್ಕದಾದ ಇಂಥ ಗುರುತಿನ ಮೇಲೆ ಹಳೇ ನಾಣ್ಯಗಳ ಬೆಲೆ ನಿಂತಿರುತ್ತೆ. ಅಮೆರಿಕದ ಮಾರ್ಗನ್ ಬೆಳ್ಳಿ ಡಾಲರನ್ನೇ ತಗೊಳ್ಳಿ. 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಟಂಕಸಾಲೆ ಅಚ್ಚು ಹಾಕಿದ್ದು 1,00,000, ನ್ಯೂ ಆರ್ಲಿಯನ್ಸ್ ಟಂಕಸಾಲೆ 3,00,000. ಎರಡರಲ್ಲೂ ಅದೇ ಮುಖ, ಅದೇ ಹದ್ದು, ಅದೇ ಇಸವಿ. ಹಿಂಬದಿಯಲ್ಲಿ ಎಲೆಮಾಲೆಯ ಕೆಳಗೆ ಒಂದರಲ್ಲಿ 'ಎಸ್' ಅಕ್ಷರ, ಇನ್ನೊಂದರಲ್ಲಿ 'ಒ'. ಒಂದೇ ಸ್ಥಿತಿಯಲ್ಲಿರುವ ಎರಡು ನಾಣ್ಯ ಪಕ್ಕಪಕ್ಕ ಇಟ್ಟರೆ 'ಎಸ್' ಇರೋದು ಬಹಳ ದುಬಾರಿ. ಈಗ 'ಒ' ಅಕ್ಷರದ ನಾಣ್ಯ ಒಂದು ಸೀಲ್ ಮಾಡಿದ ಡಬ್ಬಿಯಲ್ಲಿದೆ, ಡಬ್ಬಿಯ ಲೇಬಲ್ ಮೇಲೆ 'ಎಸ್' ಅಂತ ಅಚ್ಚಾಗಿದೆ ಅಂದುಕೊಳ್ಳಿ. ಯಾರನ್ನ ನಂಬಬೇಕು? ದುಡ್ಡು ಕೊಟ್ಟಾಗಿದ್ದರೆ ಯಾರನ್ನ ಕೇಳಬೇಕು? ಈ ಲೇಖನದಲ್ಲಿ ನಾವು ನೋಡೋಣ ಅಂತಿರೋದು ಇಷ್ಟೇ.

ಡಬ್ಬಿಯೊಳಗೆ ಹೋಗುವ ದಾರಿ

ಸಂಗ್ರಹಯೋಗ್ಯ ನಾಣ್ಯಗಳನ್ನು ಪರೀಕ್ಷಿಸಿ, ಅಸಲಿಯೋ ನಕಲಿಯೋ ಹೇಳಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುವ ಕಂಪನಿಗಳಿವೆ. ದೊಡ್ಡವು ಎರಡೂ ಅಮೆರಿಕದವೇ: ಪಿಸಿಜಿಎಸ್ ಮತ್ತು 1987ರಲ್ಲಿ ಶುರುವಾದ ಎನ್‌ಜಿಸಿ. ಆ ಡಬ್ಬಿಗೆ ಸಂಗ್ರಾಹಕರ ಬಾಯಲ್ಲಿ 'ಸ್ಲ್ಯಾಬ್' ಅಂತ ಹೆಸರು. ಅಂಕ 1ರಿಂದ 70ರವರೆಗೆ. ಬಳಕೆಯಲ್ಲಿ ಸವೆಯದ ನಾಣ್ಯಕ್ಕೆ 60ರಿಂದ ಮೇಲೆ. ನೂರಕ್ಕೆ ಕೊಡದೆ ಎಪ್ಪತ್ತಕ್ಕೆ ಯಾಕೆ ಅಂದರೆ, ವಿಲಿಯಂ ಶೆಲ್ಡನ್ ಅನ್ನುವವರು 1949ರಲ್ಲಿ ಅಮೆರಿಕದ ಹಳೇ ತಾಮ್ರದ ಸೆಂಟ್‌ಗಳಿಗಾಗಿ ಮಾಡಿದ ಅಳತೆ ಅದು. ತೀರಾ ಸವೆದ ನಾಣ್ಯದ ಬೆಲೆ ಒಂದು ಅಂದರೆ ಅತ್ಯುತ್ತಮವಾದದ್ದರ ಬೆಲೆ ಎಪ್ಪತ್ತು ಅನ್ನೋದು ಅವರ ಲೆಕ್ಕ. ಬೆಲೆಯ ಲೆಕ್ಕ ಯಾವತ್ತೋ ಬಿದ್ದುಹೋಯಿತು, ಎಪ್ಪತ್ತು ಮಾತ್ರ ಉಳಿದುಕೊಂಡಿತು.

ಲೇಬಲ್ ಹೇಗೆ ಹುಟ್ಟುತ್ತೆ ಅನ್ನೋದು ನಮಗೆ ಮುಖ್ಯ. ನಾಣ್ಯ ಕಳಿಸುವವರು ಫಾರಂ ತುಂಬುತ್ತಾರೆ: ಯಾವ ದೇಶ, ಯಾವ ಇಸವಿ, ಎಷ್ಟು ಮುಖಬೆಲೆ, ಯಾವ ಬಗೆ. ಕಂಪನಿಯಲ್ಲಿ ಒಬ್ಬರು ಅದನ್ನ ಕಂಪ್ಯೂಟರಿಗೆ ಏರಿಸುತ್ತಾರೆ. ಪರೀಕ್ಷಕರು, ಒಬ್ಬರಲ್ಲ, ಒಬ್ಬರಾದ ಮೇಲೆ ಒಬ್ಬರು, ನಾಣ್ಯ ಯಾರದು ಅಂತ ಗೊತ್ತಿಲ್ಲದೆ ನೋಡಿ ಅಂಕ ಕೊಡುತ್ತಾರೆ. ಆಮೇಲೆ ಲೇಬಲ್ ಪ್ರಿಂಟ್ ಆಗುತ್ತೆ, ನಾಣ್ಯ ಮತ್ತು ಲೇಬಲ್ ಎರಡನ್ನೂ ಡಬ್ಬಿಯಲ್ಲಿಟ್ಟು ಸೀಲ್ ಮಾಡ್ತಾರೆ, ಕೊನೆಗೆ ಇನ್ನೊಮ್ಮೆ ಕಣ್ಣಾಡಿಸುತ್ತಾರೆ. ಈ ಸಾಲಿನಲ್ಲಿ ಅಂಕ ಕೊಡೋದು ಮಾತ್ರ ಪರಿಣತರ ಕೆಲಸ. ಉಳಿದದ್ದೆಲ್ಲ ಟೈಪಿಂಗು, ಪ್ರಿಂಟಿಂಗು, ಜೋಡಿಸೋದು. ತಪ್ಪು ಜಾಸ್ತಿ ನುಸುಳೋದೂ ಇಲ್ಲೇ.

ಇಸವಿಯಲ್ಲಿ ಒಂದು ಅಂಕಿ ಬದಲಾಗೋದು, ಟಂಕಸಾಲೆಯ ಅಕ್ಷರ ತಪ್ಪೋದು, ತಾಮ್ರದ ನಾಣ್ಯಕ್ಕೆ ಬೆಳ್ಳಿಯ ವಿವರಣೆ ಬೀಳೋದು ಒಂದು ಬಗೆ. ಇನ್ನೊಂದು ಬಗೆ ಅದಲುಬದಲು. ಇಂಟರ್ನಲ್ಸ್ ಪಟ್ಟಿಯಲ್ಲಿ ಒಂದು ಸಾಲು ಜಾರಿದರೆ ನಿಮ್ಮ ಅಂಕ ನಿಮ್ಮ ಪಕ್ಕದ ಯುಎಸ್‌ಎನ್‌ನವರಿಗೆ, ಅವರದ್ದು ಅವರ ಪಕ್ಕದವರಿಗೆ ಹೋಗುತ್ತಲ್ಲ, ಹಾಗೆ. ಒಂದೇ ಕಂತಿನಲ್ಲಿ ಬಂದ ಎರಡು ನಾಣ್ಯಗಳ ಲೇಬಲ್ ಒಂದರದ್ದು ಇನ್ನೊಂದಕ್ಕೆ ಹೋಗಿರುತ್ತೆ. ಇದನ್ನ ಪತ್ತೆ ಮಾಡೋಕೆ ಒಂದು ಸುಲಭ ದಾರಿ ಇದೆ. ಎನ್‌ಜಿಸಿಯ ಸರ್ಟಿಫಿಕೇಟ್ ಸಂಖ್ಯೆಯಲ್ಲಿ ಮೊದಲ ಭಾಗ ಕಂತಿನದು, ಗೆರೆಯ ನಂತರದ 001, 002, 003 ಆ ಕಂತಿನೊಳಗಿನ ಕ್ರಮಸಂಖ್ಯೆ. ನಿಮ್ಮ ಕೈಲಿರುವ 003ರ ಲೇಬಲ್ ತಪ್ಪು ಅನಿಸಿದರೆ 002 ಮತ್ತು 004ನ್ನ ಅವರ ವೆಬ್‌ಸೈಟಲ್ಲಿ ಹುಡುಕಿ. ನಿಮ್ಮ ನಾಣ್ಯಕ್ಕೆ ಸರಿಹೊಂದುವ ವಿವರಣೆ ಪಕ್ಕದ ಸಂಖ್ಯೆಯಲ್ಲಿ ಕೂತಿದ್ದರೆ ಏನಾಗಿದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಈ ತಪ್ಪುಗಳನ್ನ ಆ ಕಂಪನಿಗಳು 'ಮೆಕ್ಯಾನಿಕಲ್ ಎರರ್' ಅಂತ ಕರೀತಾರೆ. ನಮ್ಮ ಮೆಕ್ಯಾನಿಕಲ್ ಬ್ರಾಂಚಿನವರು ಬೇಜಾರು ಮಾಡ್ಕೋಬಾರದು. ಅಲ್ಲಿ ಅದರರ್ಥ ಗುಮಾಸ್ತಿಕೆಯ ತಪ್ಪು ಅಂತ, ಯಂತ್ರದ್ದಲ್ಲ.

ವೆಬ್‌ಸೈಟಲ್ಲಿ ಚೆಕ್ ಮಾಡಿದ್ವಿ, ಸರಿಯಾಗಿದೆ!

ಲೇಬಲ್ ಮೇಲೆ ಬಾರ್‌ಕೋಡ್ ಇರುತ್ತೆ, ಈಚಿನವುಗಳಲ್ಲಿ ಕ್ಯೂಆರ್ ಕೋಡ್, ಪಿಸಿಜಿಎಸ್‌ನ ಕೆಲವು ಡಬ್ಬಿಗಳಲ್ಲಿ ಎನ್‌ಎಫ್‌ಸಿ ಚಿಪ್ಪೂ ಇರುತ್ತೆ. ಫೋನ್ ಹಿಡಿದರೆ '1893-ಎಸ್' ಅಂತ ಪರದೆ ಮೇಲೆ ಬರುತ್ತೆ. ಲೇಬಲ್‌ನಲ್ಲೂ ಅದೇ ಇದೆ. ಎರಡೂ ಹೊಂದಿತಲ್ಲ, ಇನ್ನೇನು ಬೇಕು ಅನಿಸಬಹುದು.

ಇಲ್ಲೇ ಎಂಜಿನಿಯರಿಂಗ್ ಓದಿದವರು ನಿಲ್ಲಬೇಕು. ಆ ಪರದೆಯ ಮಾಹಿತಿ ಎಲ್ಲಿಂದ ಬಂತು? ಡೇಟಾಬೇಸಿನಿಂದ. ಲೇಬಲ್ ಪ್ರಿಂಟ್ ಆಗಿದ್ದು ಎಲ್ಲಿಂದ? ಅದೇ ಡೇಟಾಬೇಸಿನಿಂದ. ಒಂದೇ ಸೆನ್ಸರಿನ ರೀಡಿಂಗನ್ನ ಎರಡು ಡಿಸ್‌ಪ್ಲೇಯಲ್ಲಿ ತೋರಿಸಿ 'ಎರಡೂ ಒಂದೇ ಹೇಳ್ತಿವೆ, ಹಾಗಾಗಿ ಸರಿ' ಅಂದರೆ ಲ್ಯಾಬ್ ವೈವಾದಲ್ಲಿ ಏನಾಗುತ್ತೋ ಇಲ್ಲೂ ಅದೇ. ಟೈಪ್ ಮಾಡಿದವರು 'ಒ' ಬದಲು 'ಎಸ್' ಒತ್ತಿದ್ದರೆ ಆ ತಪ್ಪು ಲೇಬಲ್‌ಗೂ ಹೋಗುತ್ತೆ, ವೆಬ್‌ಸೈಟಿಗೂ ಹೋಗುತ್ತೆ, ಬಾರ್‌ಕೋಡ್ ಓದುವ ಆ್ಯಪಿಗೂ ಹೋಗುತ್ತೆ. ಮೂರೂ ಒಗ್ಗಟ್ಟಾಗಿ ತಪ್ಪು ಹೇಳುತ್ತವೆ. ಎನ್‌ಎಫ್‌ಸಿ ಚಿಪ್ ಸಾಬೀತು ಮಾಡೋದು ಡಬ್ಬಿ ಅಸಲಿ ಅಂತ. ಒಳಗಿರೋದು ಏನು ಅಂತಲ್ಲ.

ಲೇಬಲ್ ಅನ್ನೋದು ನಾಣ್ಯದ ಬಗ್ಗೆ ಯಾರೋ ಹೇಳಿದ ಒಂದು ಮಾತು. ಅದನ್ನ ಪರೀಕ್ಷಿಸಬೇಕಾದದ್ದು ನಾಣ್ಯದ ಎದುರು. ಭೂತಗನ್ನಡಿ ಹಿಡಿದು ಇಸವಿ, ಅಕ್ಷರ, ಚುಕ್ಕೆ ನೋಡಬೇಕು. ಜೊತೆಗೆ ಇನ್ನೊಂದು ಸಾಕ್ಷಿ ಫೋಟೊ. ಬಹಳಷ್ಟು ನಾಣ್ಯಗಳಿಗೆ ಕಂಪನಿಯೇ ತೆಗೆದ ಫೋಟೊ ವೆಬ್‌ಸೈಟಲ್ಲಿ ಇರುತ್ತೆ. ಫೋಟೊದಲ್ಲಿ ಒಟ್ಟಾರೆ ಚಿತ್ರ ನೋಡಿ ಪ್ರಯೋಜನವಿಲ್ಲ, ಆ ಇಸವಿಯ ನಾಣ್ಯ ಎಲ್ಲವೂ ಹಾಗೇ ಕಾಣುತ್ತೆ. ಕೆನ್ನೆ ಮೇಲಿನ ಗೀರು, ಅಂಚಿನ ಕಚ್ಚು, ಬೆಳ್ಳಿ ಕಪ್ಪಾದ ಕಲೆಯ ಆಕಾರ, ಇವನ್ನ ಹೋಲಿಸಿ. ಬೆರಳಚ್ಚಿನ ಹಾಗೆ ಇವು ಪ್ರತಿ ನಾಣ್ಯಕ್ಕೂ ಬೇರೆ.

ಈ ಹೋಲಿಕೆಯಿಂದ ಒಂದು ದೊಡ್ಡ ವಿಷಯ ತಿಳಿಯುತ್ತೆ. ಫೋಟೊ ಮತ್ತು ನಾಣ್ಯ ಒಂದೇ ಆಗಿದ್ದು ಲೇಬಲ್ ಮಾತ್ರ ಬೇರೆ ಹೇಳಿದರೆ ಅದು ಕಂಪನಿಯ ಗುಮಾಸ್ತಿಕೆ ತಪ್ಪು, ಸರಿಪಡಿಸಬಹುದು. ಫೋಟೊದಲ್ಲಿರುವ ನಾಣ್ಯವೇ ಬೇರೆ, ಡಬ್ಬಿಯಲ್ಲಿರೋದೇ ಬೇರೆ ಆಗಿದ್ದರೆ ಎಚ್ಚರ. ಅಸಲಿ ಸರ್ಟಿಫಿಕೇಟ್ ಸಂಖ್ಯೆಯನ್ನ ಕದ್ದು ನಕಲಿ ಡಬ್ಬಿ ಮಾಡಿ ಅದರಲ್ಲಿ ಅಗ್ಗದ ನಾಣ್ಯವನ್ನೋ ಖೋಟಾ ನಾಣ್ಯವನ್ನೋ ಇಟ್ಟು ಮಾರೋರು ಇದ್ದಾರೆ. 'ಅಯ್ಯೋ, ಲೇಬಲ್ ತಪ್ಪು ಬಿದ್ದಿದೆ ಅಷ್ಟೇ, ಕಂಪನಿಗೆ ಬರೆದರೆ ಬದಲಾಯಿಸಿ ಕೊಡ್ತಾರೆ' ಅಂತ ಮಾರುವವರು ಹೇಳಿದರೆ, ಬದಲಾಯಿಸಿಕೊಂಡು ಬಂದೇ ಮಾರಿ ಅನ್ನೋದು ಸರಿಯಾದ ಉತ್ತರ.

ತಪ್ಪಲ್ಲದ ತಪ್ಪುಗಳು

ತಪ್ಪು ಸಿಕ್ಕಿತು ಅಂತ ಕುಣಿಯೋ ಮೊದಲು ಲೇಬಲ್‌ನ ಭಾಷೆ ಸ್ವಲ್ಪ ಕಲಿಯಬೇಕು. ಬ್ರಿಟಿಷ್ ಇಂಡಿಯಾ ರೂಪಾಯಿಗಳ ಲೇಬಲ್‌ನಲ್ಲಿ ಇಸವಿಯ ಪಕ್ಕ ಆವರಣ ಚಿಹ್ನೆಯೊಳಗೆ 'ಸಿ' ಇರುತ್ತೆ. ನಾಣ್ಯವನ್ನ ಎಷ್ಟು ತಿರುಗಿಸಿದರೂ 'ಸಿ' ಸಿಗಲ್ಲ. ಅದು ತಪ್ಪಲ್ಲ. ಆವರಣದ ಅರ್ಥವೇ 'ಅಕ್ಷರ ನಾಣ್ಯದ ಮೇಲಿಲ್ಲ, ಬೇರೆ ಲಕ್ಷಣದಿಂದ ಟಂಕಸಾಲೆ ಗುರುತಿಸಿದ್ದೇವೆ' ಅಂತ. ಕಲ್ಕತ್ತಾದ ರೂಪಾಯಿಗಳಲ್ಲಿ ಸಾಮಾನ್ಯವಾಗಿ ಗುರುತು ಇರೋದಿಲ್ಲ, ಬಾಂಬೆಯದಕ್ಕೆ ಚುಕ್ಕೆಯೋ 'ಬಿ' ಅಕ್ಷರವೋ ಇರುತ್ತೆ. ಎರಡನೇ ಮಹಾಯುದ್ಧದ ಕೊನೆಯ ವರ್ಷಗಳ ಕೆಲವು ರೂಪಾಯಿಗಳಲ್ಲಿ ಚಿಕ್ಕದೊಂದು 'ಎಲ್' ಇದ್ದರೆ ಅದು ಲಾಹೋರ್. 1944ರ ಲಾಹೋರ್ ರೂಪಾಯಿಗೆ ಬಾಂಬೆ ಅಂತ ಲೇಬಲ್ ಬಿದ್ದಿದ್ದರೆ ಅದು ನಿಜವಾದ ತಪ್ಪು.

ವಿಕ್ಟೋರಿಯಾ ರಾಣಿಯ 1862ರ ರೂಪಾಯಿ ಇನ್ನೂ ಮಜಾ. ಆ ಇಸವಿಯನ್ನ ಬದಲಿಸದೆ 1874ರ ತನಕ ಅಚ್ಚು ಹಾಕುತ್ತಲೇ ಹೋದರು. ಚುಕ್ಕೆಗಳ ಸಂಖ್ಯೆ, ಅಚ್ಚಿನ ಸೂಕ್ಷ್ಮ ವ್ಯತ್ಯಾಸ ನೋಡಿ ಬಗೆ ಹೇಳಬೇಕು. ಅದರ ಲೇಬಲ್‌ನಲ್ಲಿ ಬರೀ '1862 ರೂಪಾಯಿ' ಅಂತಿದ್ದು ಬಗೆಯ ಹೆಸರಿಲ್ಲದಿದ್ದರೆ ಅದೂ ತಪ್ಪಲ್ಲ. ಬಗೆ ಗುರುತಿಸಿ ಬರೆಯೋದಕ್ಕೆ ಬಹಳ ಸಲ ಬೇರೆ ಶುಲ್ಕ. ಕಳಿಸಿದವರು ಕೇಳಿಲ್ಲ, ಅವರು ಬರೆದಿಲ್ಲ. ಬಗೆಯ ಹೆಸರು ಬರೆದೂ ಅದು ತಪ್ಪಾಗಿದ್ದರೆ ಮಾತ್ರ ಲೇಬಲ್ ತಪ್ಪು.

ನಮ್ಮ ಕಡೆಯ ನಾಣ್ಯಗಳಿಗೆ ಬಂದರೆ ಕನ್ನಡ ಓದಬಲ್ಲವರಿಗೆ ಅಲ್ಲಿ ಒಂದು ಕೈ ಮೇಲೆ. ಟಿಪ್ಪು ಸುಲ್ತಾನನ ತಾಮ್ರದ ಕಾಸಿನ ಮೇಲೂ ಆನೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನ ಮೇಲೂ ಆನೆ. ಆದರೆ ಒಡೆಯರ ಇಪ್ಪತ್ತು ಕಾಸಿನ ನಾಣ್ಯದಲ್ಲಿ 'ಮಯಿಲಿ ಕಾಸು' ಅಂತ ಕನ್ನಡ ಅಕ್ಷರಗಳಿವೆ, ಇಂಗ್ಲಿಷಿನ 'ಕ್ಯಾಶ್' ಪದವೂ ರೋಮನ್ ಅಂಕಿಯೂ ಇವೆ. ಅಮೆರಿಕದ ಮೇಜಿನ ಮೇಲೆ ಕ್ಯಾಟಲಾಗಿನ ಚಿತ್ರ ಇಟ್ಟುಕೊಂಡು ಹೋಲಿಸಬೇಕಾದ್ದನ್ನ ನಾವು ಓದಿಯೇ ಹೇಳಬಹುದು, ಅಕ್ಷರ ಸವೆದಿರದಿದ್ದರೆ.

ಟಿಪ್ಪುವಿನ ನಾಣ್ಯದ ಇಸವಿ ಮಾತ್ರ ನಮ್ಮನ್ನೂ ತಿಣುಕಾಡಿಸುತ್ತೆ. ಮೊದಲ ವರ್ಷಗಳಲ್ಲಿ ಹಿಜರಿ ಇಸವಿ ಹಾಕಿಸುತ್ತಿದ್ದ ಟಿಪ್ಪು ಆಮೇಲೆ ಮೌಲೂದಿ ಅನ್ನುವ ತನ್ನದೇ ಲೆಕ್ಕ ತಂದ. ಅದು 1215ರಿಂದ ಶುರುವಾಗಿ ಕಾಣಿಸುತ್ತೆ. ಅಂಕಿಗಳನ್ನ ಬಲದಿಂದ ಎಡಕ್ಕೆ ಓದಬೇಕು. ನಾಣ್ಯದ ಮೇಲೆ ಎಡದಿಂದ 8121 ಅಂತ ಕಂಡರೆ ಅದು 1218. ಅದನ್ನ ಮೌಲೂದಿ ಅಂತ ಹಿಡಿದರೆ ಸುಮಾರು 1790. ಯಾರೋ ಅಭ್ಯಾಸಬಲದಿಂದ ಹಿಜರಿ ಅಂತ ಹಿಡಿದು ಪರಿವರ್ತನೆ ಮಾಡಿದರೆ 1803 ಬರುತ್ತೆ. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಸತ್ತಿದ್ದು 1799ರಲ್ಲಿ. ಸತ್ತು ನಾಲ್ಕು ವರ್ಷ ಆದ ಮೇಲೆ ನಾಣ್ಯ ಹೊಡೆಸಿದ ಹಾಗಾಯ್ತು! ಲೇಬಲ್‌ನ ಕ್ರಿಸ್ತಶಕವನ್ನ ರಾಜನ ಆಳ್ವಿಕೆಯ ವರ್ಷಗಳ ಜೊತೆ ಇಟ್ಟು ನೋಡೋದು, ನಾವು ಲೆಕ್ಕದ ಉತ್ತರಕ್ಕೆ ಯೂನಿಟ್ ಸರಿಯಿದೆಯಾ ಅಂತ ನೋಡೋ ಹಾಗೆ. ಹತ್ತು ಸೆಕೆಂಡಿನ ಕೆಲಸ, ಬಹಳ ಸಲ ಅಷ್ಟೇ ಸಾಕು.

ಗ್ಯಾರಂಟಿ ಯಾವುದಕ್ಕೆ?

ಗ್ರೇಡಿಂಗ್ ಕಂಪನಿಗಳು ಗ್ಯಾರಂಟಿ ಕೊಡುತ್ತವೆ. ನಾಣ್ಯ ಖೋಟಾ ಅಂತ ಆಮೇಲೆ ಗೊತ್ತಾದರೆ, ಕೊಟ್ಟ ಅಂಕ ಹೆಚ್ಚಾಯಿತು ಅಂತ ಮರುಪರೀಕ್ಷೆಯಲ್ಲಿ ಒಪ್ಪಿಕೊಂಡರೆ, ನಿಯಮಗಳ ಪ್ರಕಾರ ಪರಿಹಾರ ಉಂಟು. ಹಾಗಾದರೆ '1893-ಎಸ್' ಲೇಬಲ್‌ನ 'ಒ' ನಾಣ್ಯಕ್ಕೂ ಪರಿಹಾರ ಕೇಳಬಹುದಲ್ಲ?

ಆಗಲ್ಲ. ಪಿಸಿಜಿಎಸ್ ತನ್ನ ಗ್ಯಾರಂಟಿಯ ನಿಯಮದಲ್ಲಿ ಕೊಟ್ಟಿರುವ ಉದಾಹರಣೆಯೇ ಇದು. ಬರಿಗಣ್ಣಿಗೆ ಎದ್ದು ಕಾಣುವ ತಪ್ಪಿಗೆ ಗ್ಯಾರಂಟಿ ಅನ್ವಯಿಸೋದಿಲ್ಲ ಅನ್ನೋದು ಅವರ ನಿಲುವು. ಸವೆದು ನುಣ್ಣಗಾದ ನಾಣ್ಯಕ್ಕೆ ಲೇಬಲ್‌ನಲ್ಲಿ 65 ಅಂತ ಬಿದ್ದಿದ್ದರೂ ಅಷ್ಟೇ. ಲೇಬಲ್ ಸರಿಪಡಿಸಿ ಕೊಡ್ತಾರೆ, ಬೆಲೆಯ ವ್ಯತ್ಯಾಸ ತುಂಬಿಕೊಡಲ್ಲ.

ಈ ನಿಯಮ ಓದಿದಾಗ ನಮ್ಮ ಗುಂಪಿನಲ್ಲಿ ಎರಡು ಪಕ್ಷ ಆಯಿತು. 'ಅವರ ತಪ್ಪಿಗೆ ನಾವ್ಯಾಕೆ ದುಡ್ಡು ಕಳ್ಕೋಬೇಕು' ಅಂತ ಒಂದು ಪಕ್ಷ. 'ಹಾಗೆ ಪರಿಹಾರ ಕೊಡ್ತಾ ಹೋದರೆ ತಪ್ಪು ಲೇಬಲ್ ಹುಡುಕಿ ಹುಡುಕಿ ಅಗ್ಗಕ್ಕೆ ಕೊಂಡು ಕಂಪನಿ ಮೇಲೆ ಕ್ಲೈಮ್ ಹಾಕೋದೇ ಒಂದು ದಂಧೆ ಆಗುತ್ತೆ' ಅಂತ ಇನ್ನೊಂದು. ಎರಡನೇ ವಾದದಲ್ಲಿ ಹುರುಳಿದೆ ಅಂತ ನಮಗೂ ಅನಿಸುತ್ತೆ. ಆದರೆ ಒಂದು ಮಾತು ಹೇಳಲೇಬೇಕು. 'ಬರಿಗಣ್ಣಿಗೆ ಕಾಣುತ್ತೆ' ಅನ್ನೋದು ನಾಣ್ಯ ಕೈಲಿ ಹಿಡಿದವರಿಗೆ ನಿಜ. ಫೋನಿನ ಪರದೆಯಲ್ಲಿ, ಪ್ಲಾಸ್ಟಿಕ್ಕಿನ ಹೊಳಪಿನ ಮಧ್ಯೆ, ಮಬ್ಬು ಫೋಟೊ ನೋಡಿ ಸ್ಕಾಲರ್‌ಶಿಪ್ ದುಡ್ಡಲ್ಲಿ ಕೊಳ್ಳೋ ಹುಡುಗ ಹುಡುಗಿಯರಿಗೆ ಅಲ್ಲ. ಅವರು ಕೊಂಡಿದ್ದು ಲೇಬಲ್ ನೋಡಿಯೇ. ಹಾಗಾಗಿ ಅವರ ತಕರಾರು ಹೋಗಬೇಕಾದ್ದು ಮಾರಿದವರ ಹತ್ತಿರ, ಅದೂ ವಾಪಸ್ ಕೊಡುವ ಅವಧಿ ಮುಗಿಯೋದರೊಳಗೆ. ಕಂಪನಿಗೆ ಬರೆದು ಉತ್ತರಕ್ಕೆ ಕಾಯುತ್ತಾ ಆ ಅವಧಿ ಕಳೆದುಕೊಂಡರೆ ಎರಡೂ ಕಡೆ ಬಾಗಿಲು ಮುಚ್ಚುತ್ತೆ. ಮಾರಿದವರು ನಮ್ಮ ದೇಶದವರೇ ಆಗಿದ್ದು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಏನೇ ಆಗಲಿ, ಡಬ್ಬಿ ಒಡೆಯಬೇಡಿ. ಸುತ್ತಿಗೆಯಲ್ಲಿ ಒಂದೇಟು ಕೊಟ್ಟರೆ ಡಬ್ಬಿ ತೆರೆದುಕೊಳ್ಳುತ್ತೆ, ಅದರ ಜೊತೆ ಸಾಕ್ಷಿಯೂ ಹೋಗುತ್ತೆ. ಈ ನಾಣ್ಯ ಈ ಲೇಬಲ್‌ನ ಜೊತೆಗೇ ಇತ್ತು ಅಂತ ಹೇಳೋದಕ್ಕೆ ಆಮೇಲೆ ನಿಮ್ಮ ಮಾತು ಬಿಟ್ಟು ಬೇರೇನೂ ಇರಲ್ಲ. ಡಬ್ಬಿಯ ಎರಡೂ ಮುಖದ, ಅಂಚಿನ, ಲೇಬಲ್‌ನ, ತಪ್ಪಿರುವ ಜಾಗದ ಫೋಟೊ ತೆಗೆದು, ಸರ್ಟಿಫಿಕೇಟ್ ಸಂಖ್ಯೆ, ಲೇಬಲ್ ಏನು ಹೇಳುತ್ತೆ, ನಾಣ್ಯದಲ್ಲಿ ಏನು ಕಾಣುತ್ತೆ ಇಷ್ಟನ್ನ ಮೂರು ಸಾಲಲ್ಲಿ ಬರೆಯಿರಿ. ಕಥೆ ಬೇಡ. ಕಳಿಸೋ ಮೊದಲೇ ಕೇಳಿಕೊಳ್ಳಬೇಕಾದದ್ದು: ಇದನ್ನ ಲೇಬಲ್ ತಪ್ಪು ಅಂತ ಪರಿಗಣಿಸ್ತೀರಾ, ಹೋಗಿ ಬರುವ ಸಾಗಣೆ ಖರ್ಚು ಯಾರದು, ಲೇಬಲ್ ಮಾತ್ರ ಬದಲಿಸ್ತೀರಾ ಅಥವಾ ಅಂಕವನ್ನೂ ಮತ್ತೆ ನೋಡ್ತೀರಾ. ಕೊನೆಯದನ್ನ ಜನ ಮರೀತಾರೆ.

ಕಳಿಸಬಹುದಾ?

ಭಾರತದಲ್ಲಿ ಕೂತವರಿಗೆ ಇಲ್ಲೊಂದು ಗಂಟು ಇದೆ. 1972ರ ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತುವೇ. ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆ ಬಿಟ್ಟು ಬೇರೆ ಯಾರೂ ಅದನ್ನ ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ಕಳಿಸಿದರೆ ಕನಿಷ್ಠ 6 ತಿಂಗಳು, ಗರಿಷ್ಠ 3 ವರ್ಷ ಜೈಲು. ಟಿಪ್ಪುವಿನ ಕಾಸು, ಒಡೆಯರ ಕಾಸು, 1862ರ ರೂಪಾಯಿ ಅಂತೂ ಸರಿಯೇ. ಐದನೇ ಜಾರ್ಜ್‌ನ ನಿಲುವಂಗಿಯ ಮೇಲಿನ ಆನೆ ಹಂದಿಯ ಹಾಗೆ ಕಂಡು ಗಲಾಟೆಯಾಗಿ, ಮರುವರ್ಷವೇ ಚಿತ್ರ ತಿದ್ದಬೇಕಾಗಿ ಬಂದ 1911ರ ರೂಪಾಯಿಯೂ 2011ರಲ್ಲೇ ನೂರು ಮುಗಿಸಿತು. ಇಂಥ ನಾಣ್ಯ ಅಮೆರಿಕದಲ್ಲಿ ಸ್ಲ್ಯಾಬ್ ಆಗಿ ನಿಮ್ಮ ಕೈಗೆ ಬಂದು, ಲೇಬಲ್ ತಪ್ಪಿದೆ ಅಂತ ಕೊರಿಯರ್ ಮಾಡಿ ವಾಪಸ್ ಕಳಿಸಿದರೆ ಎರಡು ಅಕ್ಷರದ ತಿದ್ದುಪಡಿಗೆ ಕಾನೂನು ಮುರಿದ ಹಾಗೆ. ದೇಶದೊಳಗೇ ತಿದ್ದಿಕೊಡುವ ವ್ಯವಸ್ಥೆ ಇದೆಯಾ ಅಂತ ಕಂಪನಿಯನ್ನ ಲಿಖಿತವಾಗಿ ಕೇಳಿ. ಇಲ್ಲ ಅಂದರೆ ಆ ಡಬ್ಬಿ ಆ ಲೇಬಲ್‌ನ ಜೊತೆಗೇ ಇರಲಿ. ಪಕ್ಕದಲ್ಲಿ ನಿಮ್ಮ ಕೈಬರಹದ ಒಂದು ಚೀಟಿ ಇಡಿ: ಏನು ತಪ್ಪು, ಹೇಗೆ ಗೊತ್ತಾಯಿತು, ಯಾವ ತಾರೀಕು. 1944ರ ಲಾಹೋರ್ ರೂಪಾಯಿಗೆ ಈ ತೊಂದರೆ ಸದ್ಯಕ್ಕಿಲ್ಲ, ಇನ್ನೂ ನೂರಾಗಿಲ್ಲ. ಕಸ್ಟಮ್ಸ್ ಫಾರಂ ಸರಿಯಾಗಿ ತುಂಬಬೇಕು ಅಷ್ಟೇ.

ಮುಂದೆ ಮಾರುವಾಗ ಆ ಚೀಟಿಯಲ್ಲಿರೋದನ್ನ ಕೊಳ್ಳುವವರಿಗೆ ಮೊದಲೇ ಹೇಳಬೇಕು. ಗೊತ್ತಿದ್ದೂ 'ಲೇಬಲ್ ನಾನು ಬರೆದದ್ದಲ್ಲ' ಅಂತ ದುಬಾರಿ ಬೆಲೆಗೆ ದಾಟಿಸಿದರೆ ಅದು ಮೋಸವೇ, ಅದಕ್ಕೆ ಬೇರೆ ಹೆಸರು ಇಲ್ಲ. ಇದರ ಉಲ್ಟಾ, ಅಂದರೆ ಸಾಮಾನ್ಯ ನಾಣ್ಯ ಅಂತ ಲೇಬಲ್ ಬಿದ್ದಿರುವ ಡಬ್ಬಿಯಲ್ಲಿ ಅಪರೂಪದ ಬಗೆಯನ್ನ ಗುರುತಿಸಿ ಕೊಳ್ಳೋದು? ಅದು ಓದಿದವರಿಗೆ ಸಿಗುವ ಫಲ ಅಂತ ನಾಣ್ಯಲೋಕ ಒಪ್ಪಿಕೊಂಡಿದೆ, ನಾವೂ ಒಪ್ಪುತ್ತೇವೆ. ಎರಡಕ್ಕೂ ವ್ಯತ್ಯಾಸ ಇದೆ. ಒಂದರಲ್ಲಿ ಎಲ್ಲರ ಕಣ್ಣೆದುರು ಇರೋದನ್ನ ನೀವು ಓದುತ್ತೀರಿ, ಇನ್ನೊಂದರಲ್ಲಿ ಗೊತ್ತಿರೋದನ್ನ ಮುಚ್ಚಿಡುತ್ತೀರಿ. ತಾತನ ಪೆಟ್ಟಿಗೆ ಮಾರೋಕೆ ಬಂದಿರುವ, ನಾಣ್ಯದ ಬಗ್ಗೆ ಏನೂ ತಿಳಿಯದ ಮನೆಯವರ ಎದುರು ಮಾತ್ರ ಈ ವಾದ ಅಷ್ಟು ಸಲೀಸಾಗಿ ನಿಲ್ಲಲ್ಲ.

ಲೇಬಲ್ ತಪ್ಪಿರುವ ಡಬ್ಬಿಗಳನ್ನೇ ಹುಡುಕಿ ಸಂಗ್ರಹಿಸುವವರೂ ಇದ್ದಾರೆ, ತಮಾಷೆಗೆ. ಇರಲಿ. ಆದರೆ ತಿದ್ದದೇ ಬಿಟ್ಟ ತಪ್ಪಿಗೆ ಇನ್ನೊಂದು ಬೆಲೆ ಇದೆ. ಯಾವ ಇಸವಿಯ ಯಾವ ಬಗೆಯ ನಾಣ್ಯ ಯಾವ ಅಂಕದಲ್ಲಿ ಎಷ್ಟು ಬಂದಿವೆ ಅಂತ ಕಂಪನಿಗಳು ಲೆಕ್ಕ ಪ್ರಕಟಿಸುತ್ತವೆ. ಅಪರೂಪ ಅಂತ ತೀರ್ಮಾನಿಸೋದು ಆ ಲೆಕ್ಕ ನೋಡಿ. ಸಾವಿರಾರು ಇರುವ ಕಡೆ ಒಂದು ತಪ್ಪು ಲೇಬಲ್‌ನಿಂದ ಏನೂ ಆಗಲ್ಲ. ಮೂರೇ ಇರುವ ಬಗೆಯಲ್ಲಿ ಒಂದು ತಪ್ಪಾಗಿದ್ದರೆ ಮೂರರಲ್ಲೊಂದು ಪಾಲು ಸುಳ್ಳು. ಹೆಚ್ಚು ಅಂಕ ಬರಬಹುದು ಅಂತ ಡಬ್ಬಿ ಒಡೆದು ಅದೇ ನಾಣ್ಯವನ್ನ ಮತ್ತೆ ಮತ್ತೆ ಕಳಿಸುವವರಿಂದಲೂ ಈ ಲೆಕ್ಕ ಉಬ್ಬುತ್ತೆ, ಒಂದು ನಾಣ್ಯ ಮೂರು ಸಲ ಎಣಿಕೆಯಾಗುತ್ತೆ. ಡಬ್ಬಿ ಒಡೆದವರು ಹಳೇ ಲೇಬಲನ್ನ ಕಸದ ಬುಟ್ಟಿಗೆ ಹಾಕದೆ ಕಂಪನಿಗೆ ವಾಪಸ್ ಕಳಿಸಿದರೆ ಅವರು ಲೆಕ್ಕದಿಂದ ಒಂದನ್ನ ಕಳೆಯುತ್ತಾರೆ. ಲೇಬಲ್ ಬರೀ ಕಾಗದ, ಅದನ್ನ ಹೊರದೇಶಕ್ಕೆ ಕಳಿಸೋಕೆ ಯಾವ ಕಾಯ್ದೆಯೂ ಅಡ್ಡ ಬರಲ್ಲ.